ಮನೆತನದ ಶಾಪವಲ್ಲ

ಕಳೆದ ದೀಪಾವಳಿಯ ತರುವಾಯ ಆಜರಾದ ಪರಿಚಿತರ ಮನೆಯಲ್ಲಿ ನಾವು ಊಟಕ್ಕೆ ಕುಳಿತಿದ್ದೆವು. ಘನಸಾಳ ಅಕ್ಕಿಯ ಪರಿಮಳ ಪಡಸಾಲೆಯನ್ನೆಲ್ಲ ತುಂಬಿತ್ತು. ಬಡಿಸುತ್ತಿದ್ದ ಮನೆಯೊಡತಿ ಮೆಲ್ಲನೆ ಹೇಳಿದರು: "ನಮ್ಮ ಮನಿ ಗಂಡಸರು ಐವತ್ತು ದಾಟೂದಿಲ್ರೀ. ಮಾವನವರು ಹೋದ್ರು, ಭಾವನವರು ಹೋದ್ರು, ಇಬ್ಬರಿಗೂ ಕರುಳಿನ ಗಡ್ಡಿ. ಈಗ ಇವರಿಗೂ ರಕ್ತ ಹೊಂಟೈತಿ. ಮೂಲವ್ಯಾಧಿ ಅಂತ ಔಷಧ ನಡದೈತಿ." ಇದು ಮನೆತನಕ್ಕೆ ತಟ್ಟಿದ ಶಾಪವೆಂದು ಅವರ ನಂಬುಗೆ. ಆ ಅನ್ನ ನಮ್ಮ ಗಂಟಲಲ್ಲಿ ಇಳಿಯಲಿಲ್ಲ.

ಇಂಥದೇ ಮಾತನ್ನು 1895ರಲ್ಲಿ ಅಮೇರಿಕೆಯ ಆ್ಯನ್ ಆರ್ಬರ್ ಪಟ್ಟಣದ ಹೊಲಿಗೆಯ ಹೆಣ್ಣುಮಗಳೊಬ್ಬಳು ಡಾ. ಆಲ್ಡ್ರೆಡ್ ವಾರ್ಥಿನ್ ಅವರ ಮುಂದೆ ಆಡಿದ್ದಳು. ಬಂಧುಗಳು ಹೋದಂತೆ ತಾನೂ ಕ್ಯಾನ್ಸರಿನಿಂದಲೇ ಹೋಗುವೆನೆಂದಳು; ಹಾಗೆಯೇ ತೀರಿಕೊಂಡಳು. ವಾರ್ಥಿನ್ ಅದನ್ನು ಶಾಪವೆನ್ನದೆ ಆ ಮನೆತನದ ವಂಶಾವಳಿಯನ್ನು ಬರೆದಿಟ್ಟು 1913ರಲ್ಲಿ ಪ್ರಕಟಿಸಿದರು. 1966ರಲ್ಲಿ ಡಾ. ಹೆನ್ರಿ ಲಿಂಚ್ ಇಂಥ ಇನ್ನೆರಡು ಕುಟುಂಬಗಳನ್ನು ವರ್ಣಿಸಿದರು. ಈ ವಂಶಪಾರಂಪರ್ಯದ ದೋಷಕ್ಕೆ ಈಗ ಅವರದೇ ಹೆಸರು. ಅದರ ಮೂಲ ತಿಳಿದದ್ದು ಮಾತ್ರ 1993ರ ಸುಮಾರಿಗೆ.

ಅಚ್ಚುಮೊಳೆಯ ಕಾಲವನ್ನು ಬಲ್ಲ ಓದುಗರಿಗೆ ಇದು ಸುಲಭವಾಗಿ ತಿಳಿದೀತು. "ಕಟಕಟಕಟಕಟ" ಎಂಬಲ್ಲಿ ಮೊಳೆ ಜೋಡಿಸುವವನ ಕೈಯಿಂದ ಒಂದು "ಕಟ" ಹೆಚ್ಚೋ ಕಡಿಮೆಯೋ ಆಗುತ್ತಿತ್ತು. ಕರಡು ತಿದ್ದುವವನು ಅದನ್ನು ಹಿಡಿಯುತ್ತಿದ್ದ. ಜೀವಕೋಶ ಇಬ್ಭಾಗವಾಗುವಾಗಲೂ ಡಿಎನ್‌ಎಯ ಬರಹವನ್ನು ನಕಲು ಮಾಡಿಕೊಳ್ಳುತ್ತದೆ. ಅಲ್ಲಿ ಕರಡು ತಿದ್ದುವ ಕೆಲಸ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ವಂಶವಾಹಿಗಳದು. ಇವುಗಳಲ್ಲೊಂದರ ಕೆಟ್ಟ ಪ್ರತಿ ಹೆತ್ತವರಿಂದ ಬಂದು, ಕರುಳಿನ ಯಾವುದೋ ಕೋಶದಲ್ಲಿ ಉಳಿದ ಒಳ್ಳೆಯ ಪ್ರತಿಯೂ ಕೆಟ್ಟಿತೆಂದರೆ ತಪ್ಪುಗಳು ಒಂದರ ಮೇಲೊಂದು ಉಳಿಯುತ್ತ ಹೋಗುತ್ತವೆ. ಆನುವಂಶಿಕ ಅಸ್ಥಿರತೆಯೆಂದರೆ ಇದೇ. ದೊಡ್ಡ ಕರುಳಿನ 100 ಗಡ್ಡೆಗಳಲ್ಲಿ ಸುಮಾರು 15ರಲ್ಲಿ ಇದು ಕಾಣುತ್ತದೆ. ಆದರೆ ವಂಶದಿಂದ ಬಂದದ್ದು 3ರಷ್ಟು ಮಾತ್ರ.

ಪರೀಕ್ಷೆಗೆ ಗಡ್ಡೆಯ ತುಣುಕು ಬೇಕು. ರೋಗಿ ತೀರಿಕೊಂಡ ಮೇಲೂ ಶಸ್ತ್ರಕ್ರಿಯೆಯಲ್ಲಿ ತೆಗೆದ ತುಣುಕು ಆಸ್ಪತ್ರೆಯಲ್ಲಿ ಮೇಣದಲ್ಲಿ ಹುದುಗಿ ಉಳಿದಿರಬಹುದು. ಅದರಲ್ಲಿ ದೋಷದ ಸುಳಿವು ದೊರೆತರೆ ಉಳಿದವರಿಗೆ ರಕ್ತಪರೀಕ್ಷೆ ಸಾಕು. ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ದೋಷ ಬರುವ ಸಂಭವ ಅರ್ಧದಷ್ಟು. ಬಾರದವರಿಗೆ ಈ ಭಯವೇ ಇಲ್ಲ. ಬಂದವರು ಸಾಮಾನ್ಯವಾಗಿ 20-25ರ ವಯಸ್ಸಿನಿಂದ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ದುರ್ಬೀನಿನಿಂದ ಕರುಳನ್ನು ತೋರಿಸಿಕೊಳ್ಳಬೇಕು. ಕ್ಯಾನ್ಸರ್ ಆಗುವ ಮುನ್ನವೇ ಮೊಳಕೆಯನ್ನು ಕತ್ತರಿಸಿ ತೆಗೆಯಲು ಬರುತ್ತದೆ. ಹೆಣ್ಣುಮಕ್ಕಳಿಗೆ ಗರ್ಭಕೋಶದ ಭಯವೂ ಉಂಟು. "ಗಂಡಸರಿಗಷ್ಟೇ" ಎಂಬ ಮಾತು ಸರಿಯಲ್ಲ.

ರಕ್ತ ಬೀಳುವುದೆಲ್ಲ ಕ್ಯಾನ್ಸರಲ್ಲ, ನಿಜ. ಆದರೆ ಇಂಥ ಮನೆಯಲ್ಲಿ ನೋಡದೆ ಮೂಲವ್ಯಾಧಿಯೆನ್ನುವುದು ನಮಗೆ ಒಪ್ಪಿಗೆಯಿಲ್ಲ.

ಮೊನ್ನೆ ಆ ತಾಯಿಯ ಪತ್ರ ಬಂದಿದೆ. ಭಾವನವರ ಶಸ್ತ್ರಕ್ರಿಯೆಯ ಕಾಗದಗಳು ಟ್ರಂಕಿನಲ್ಲಿ ದೊರೆತಿವೆಯಂತೆ. ಮಗಳ ಲಗ್ನ ಗೊತ್ತಾಗುವವರೆಗೆ ಸುದ್ದಿ ಹೊರಬೀಳಬಾರದೆಂದು ಮನೆಯ ಹಿರಿಯರ ಕಟ್ಟಪ್ಪಣೆ. ಯಜಮಾನರು ಕಬ್ಬು ಕಾರಖಾನೆಗೆ ಹೋದ ಮೇಲೆ ಬೆಳಗಾವಿಗೆ ತೋರಿಸಲು ಹೋಗುವರಂತೆ. ಕಬ್ಬು ಹೊಲದಲ್ಲಿಯೇ ನಿಲ್ಲಲಿ, ಇವರು ಈ ವಾರವೇ ಹೊರಡಲಿ ಎಂದು ಮರುಟಪಾಲಿಗೆ ಬರೆದಿದ್ದೇವೆ.