ನಾವಡ್ರಿಗೂ ಈಗಿನವ್ರಿಗೂ ಜೋಡಾಟ ಇಟ್ರೆ

ಮೊನ್ನೆ ನಾದಿನಿ ಮಗಳ ಮನಿ ಒಕ್ಕಲಿಗೆ ಬ್ರಹ್ಮಾವರಕ್ಕೆ ಹೋದದ್ದು. ಊಟ ಮುಗ್ಸಿ ಗಂಡಸ್ರೆಲ್ಲ ಜಗ್ಲಿ ಮೇಲೆ ಎಲೆ ಅಡಿಕೆ ತಟ್ಟೆ ಸುತ್ತ ಕೂಕಂಡಿದ್ರ್. ನಾವು ಹೆಂಗಸ್ರು ಒಳಗೆ ಉಳಿದ ಹೋಳಿಗೆ ಕಟ್ಟುತ್ತಾ ಇದ್ದೆವು. ನಮ್ಮ ಬದಿಯಲ್ಲಿ ಗಂಡಸ್ರು ನಾಲ್ಕು ಜನ ಸೇರಿದ್ರೆ ಮಾತು ಎಲ್ಲಿಗೆ ಹೋತ್ತ್ ಅಂತ ನಿಮ್ಗೇ ಗೊತ್ತಿತ್ತಲ್ಲ, ಆಟದ ಸುದ್ದಿಗೆ. ಕಾಳಿಂಗ ನಾವಡ್ರನ್ನೂ ಈಗಿನ ಭಾಗವತ್ರನ್ನೂ ಒಂದೇ ಗದ್ದೆಯಲ್ಲಿ ಜೋಡಾಟಕ್ಕೆ ಕೂರ್ಸಿದ್ರೆ ಯಾರ್ ಗೆಲ್ತ್ರ್? ಒಬ್ರು ನಾವಡ್ರು ಅಂದ್ರ್, ಇನ್ನೊಬ್ರು ಧಾರೇಶ್ವರ್ರು ಅಂದ್ರ್, ಬೆಳ್ಳಿ ಕೂದಲಿನ ಬಾವ ಒಬ್ರು "ಎಲ್ಲರ್ನೂ ಬಿಡಿ, ಉಪ್ಪೂರ್ರು" ಅಂದೇಳಿ ತೊಡೆ ತಟ್ರ್.

ಬೆಂಗ್ಳೂರಂಗೆ ಇಪ್ಪ ಅಕ್ಕನ ಮಗ ಹೇಳ್ದ, ಬಾಕ್ಸಿಂಗ್ ಕಾಂಬವ್ರೂ ಹೀಂಗೇ ಅಂಬ್ರ್. ಐವತ್ತರ ದಶಕದ ಶುಗರ್ ರೇ ರಾಬಿನ್ಸನ್ ಅಂಬವನಿಗೂ, ಎಂಬತ್ತರ ದಶಕದ ಹ್ಯಾಗ್ಲರ್ ಅಂಬವನಿಗೂ ಬಾಯಲ್ಲೇ ಕುಸ್ತಿ ಹಿಡ್ಸಿ ರಾತ್ರಿ ಕಳಿತ್ರಂಬ್ರ್. ನಂಗೆ ನಗಿ ಬಂತ್. ಆದ್ರೆ ಅವರಿಬ್ರೂ ಮಿಡ್ಲ್‌ವೇಟ್, ತೂಕ ಹಾಕಿಯೇ ಅಖಾಡಕ್ಕೆ ಬಿಡುದ್ ಅಂದ. ಭಾಗವತ್ರನ್ನ ಯಾವ ತಕ್ಕಡಿಯಲ್ಲಿ ಇಡುದ್?

ಇದು ಬರೀ ಪಟ್ಟಾಂಗ ಆದ್ರೆ ನಾನು ಬರೀತಿರ್ಲಿಲ್ಲ. ಅಷ್ಟ್ ಹೊತ್ತಿಗೆ ನಮ್ಮ ಹತ್ರದ ಒಂದು ಹೆಣ್ಣಿನ ಹತ್ರ ಒಂದ್ ಪದ್ಯ ಹೇಳು ಅಂದ್ರ್. ಪಿಯುಸಿ ಓದುವ ಮಗು, ಎರಡು ವರ್ಷದಿಂದ ಭಾಗವತಿಕೆ ಕಲೀತಿತ್. ಹೆದರಿ ಹೆದರಿ ಹೇಳ್ತ್. ಮೊದ್ಲು ಶ್ರುತಿ ತಪ್ಪಿದ್ದು ಹೌದು, ಮತ್ತೆ ಸರಿ ಆಯ್ತ್. ಮುಗ್ದ ಕೂಡ್ಲೇ ಒಬ್ರು, "ಅಡ್ಡಿಲ್ಲ ಹೆಣ್ಣೆ. ಆದ್ರೆ ನಾವಡ್ರ ಪದ್ಯ ಕೇಂಡ ಕಿವಿಗೆ ಇದೆಲ್ಲ ಎಂತ ಹತ್ತುದ್ ಮಾರಾಯ್ರೆ" ಅಂದ್ರ್. ಎಲ್ಲರೂ ನಗಾಡ್ರ್. ಅವಳು ಒಳಗೆ ಬಂದು ನಮ್ಮೊಟ್ಟಿಗೆ ಹೋಳಿಗೆ ಕಟ್ಟುಕೆ ಕೂತ್ಲು, ಒಂದು ಮಾತಾಡ್ಲಿಲ್ಲ. ಮರುವಾರ ಕ್ಲಾಸಿಗೆ ಹೋಯ್ಲಿಲ್ಲಂಬ್ರ್.

ನಾನೂ ನಾವಡ್ರ ಕಡೆಯವಳೇ, ಸುಳ್ಳು ಹೇಳುದಿಲ್ಲ. ಸಾಲಿಗ್ರಾಮ ಮೇಳದ ಡೇರೆ ಆಟಕ್ಕೆ ಅಬ್ಬಿ ಸೆರಗು ಹಿಡ್ಕಂಡ್ ಹೋಗಿ ನೆಲದಲ್ಲಿ ಕೂಕಂಡ್ 'ನಾಗಶ್ರೀ' ಕಂಡವಳು ನಾನು. ಆ ಪ್ರಸಂಗ ಬರೆದವ್ರೂ ಅವ್ರೇ. ನಾವಡ್ರು ಪದ್ಯ ಎತ್ತಿದ್ರೆ ತೂಕಡಿಸುತ್ತಿದ್ದ ಅಬ್ಬಿ ಸೆಟೆದು ಕೂಕಂಬುದು. 1958ರಲ್ಲಿ ಗುಂಡ್ಮಿಯಲ್ಲಿ ಹುಟ್ಟಿದವ್ರು, 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಹೋದ್ರ್. ಆ ದಿನ ನಮ್ಮ ಮನಿಯಂಗೆ ಒಲೆ ಹೊತ್ತಿದ್ದು ತಡವಾಗಿ.

ಅದ್ಕೇ ಹೇಳುದ್. ಅವ್ರಿಗೆ ಮೂವತ್ತರ ಆಚೀಚೆ ಪ್ರಾಯ. ಅವರ ಗಂಟಲಿಗೆ ವಯಸ್ಸು ಆಪುಕೇ ಇಲ್ಲ. ನಮ್ಮತ್ರ ಇಪ್ಪುದು ಅವರ ಕ್ಯಾಸೆಟ್, ಅದ್ರಲ್ಲೂ ಕೇಂಬುಕೆ ಚಂದ ಇಪ್ಪ ಪದ್ಯ. ಅವ್ರಿಗೂ ನೆಗಡಿ ಆದ ರಾತ್ರಿ ಇದ್ದಿರ್ಕ್, ಮೇ ತಿಂಗಳ ಕೊನೆಗೆ ಗಂಟ್ಲು ಸೋತ ದಿನ ಇದ್ದಿರ್ಕ್. ಅದನ್ನ ಯಾರೂ ನೆನಪಿಟ್ಕಣ್ಲಿಲ್ಲ. ಧಾರೇಶ್ವರ್ರು ಹಾಂಗಲ್ಲ. ಪೆರ್ಡೂರು ಮೇಳದಲ್ಲಿ ವರ್ಷಗಟ್ಲೆ ಹಾಡಿ, 2024ರ ಏಪ್ರಿಲ್‌ನಲ್ಲಿ ತೀರ್ಕಂಡ್ರ್. ಅವರ ಒಳ್ಳೇ ದಿನವನ್ನೂ ಕಂಡಿದ್ದೆವು, ದಣಿದ ದಿನವನ್ನೂ ಕಂಡಿದ್ದೆವು. ಒಬ್ಬರ ಹಬ್ಬದ ಊಟವನ್ನೂ ಇನ್ನೊಬ್ಬರ ದಿನದಿನದ ಗಂಜಿಯನ್ನೂ ಎದುರೆದುರು ಬಡ್ಸಿ, ಯಾವ್ದು ರುಚಿ ಅಂತ ಕೇಂಡ್ರೆ ಹ್ಯಾಂಗೆ? ಮತ್ತೆ ಇಬ್ರೂ ಕಲ್ತದ್ದು ನಾರಣಪ್ಪ ಉಪ್ಪೂರ್ರ ಹತ್ರವೇ.

ಉಪ್ಪೂರ್ರ ಮಾತು ಬಂತಲ್ಲ. ನಾವಡ್ರು ಹೊಸ ಹೊಸ ರಾಗ ತಂದ್ರ್, ಪುರಾಣ ಬಿಟ್ಟು ಕಟ್ಟುಕಥೆ ಪ್ರಸಂಗ ಆಡ್ಸಿದ್ರ್ ಅಂದೇಳಿ ಆಗಿನ ಹಳಬ್ರು ಅವ್ರನ್ನೂ ಬೈದದ್ದುಂಟು. ನಮ್ಮ ಅಜ್ಜಯ್ಯನೇ, "ಇದೆಂತ ಆಟವಾ, ಸಿನೆಮಾವಾ" ಅಂತಿದ್ರ್. ಈಗ ಅದೇ ನಾವಡ್ರು ಪರಂಪರೆ ಆಯ್ರ್. ಅಜ್ಜಯ್ಯ ಉಪ್ಪೂರ್ರನ್ನ ತೋರ್ಸಿ ನಾವಡ್ರನ್ನ ಬೈದ್ರ್, ಬಾವಯ್ಯ ನಾವಡ್ರನ್ನ ತೋರ್ಸಿ ಈ ಹೆಣ್ಣಿನ ಬಾಯಿ ಮುಚ್ಚಿಸಿದ್ರ್.

ಜೋಡಾಟ ಅಂದ್ರೆ ಎಂತ ಅಂತ ಈಗಿನ ಮಕ್ಳಿಗೆ ಗೊತ್ತಿರ್ಲಿಕ್ಕಿಲ್ಲ. ಒಂದೇ ಗದ್ದೆಯಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ತೀರ್ಪು ಕೊಡುಕೆ ಬೇರೆ ಯಾರೂ ಇಲ್ಲ. ಜನ ಎದ್ದು ಯಾವ ಬದಿಗೆ ಹೋದ್ರೋ ಆ ಬದಿಯವ್ರು ಗೆದ್ರ್ ಅಂತ ಲೆಕ್ಕ. ಹಾಂಗಾದ್ರೆ ಮೊದ್ಲು ಆ ಗದ್ದೆಯಲ್ಲಿ ಕೂತ ಜನ ಯಾರು ಅಂತ ಹೇಳ್ಕ್. ಗ್ಯಾಸ್‌ಲೈಟಿನ ಕಾಲದ, ಮೈಕಿಲ್ಲದ ಆಟವಾ? ಆಗ ಗದ್ದೆಯ ಆಚೆ ಬದಿಗೆ ಕೇಂಬ ಏರು ಶ್ರುತಿಯ ಗಂಟ್ಲೇ ಗೆಲ್ಲುದು, ಅದ್ರಲ್ಲಿ ನಯ ನಾಜೂಕು ಹುಡುಕುಕೆ ಆತ್ತಿಲ್ಲ. ಡೇರೆ ಆಟವಾ? ನಾವಡ್ರು, ನನ್ನ ಮಟ್ಟಿಗೆ ಅದ್ರಲ್ಲಿ ಎರಡು ಮಾತಿಲ್ಲ. ಈಗಿನ ಕಾಲಮಿತಿ ಆಟವಾ? ರಾತ್ರಿ ಇಡೀ ಬೇಯುವ ಪ್ರಸಂಗವನ್ನ ಮೂರು ಮೂರೂವರೆ ಗಂಟೆಗೆ ಇಳಿಸಿ, ಜನ ಮೊಬೈಲ್ ಹಿಡ್ಕಂಡ್ ಕೂತ ಸಭೆಯಲ್ಲಿ ಮೊದಲ ಪದ್ಯದಲ್ಲೇ ಹಿಡ್ಕಣ್ಕ್. ಅದು ಕುಕ್ಕರಿನ ಅಡುಗೆ. ಮಣ್ಣಿನ ಮಡಕೆಯಲ್ಲಿ ಹೆಸರಾದವ್ರೆಲ್ಲ ಕುಕ್ಕರಲ್ಲಿ ಗೆಲ್ತ್ರ್ ಅಂತ ಹೇಳುಕ್ ಬತ್ತಿಲ್ಲ. ಮತ್ತೆ ಬೆಳಗಿನ ಜಾವ ನಾಲ್ಕು ಗಂಟೆಗೆ, ಅರ್ಧ ಸಭೆ ಚಾಪೆ ಮೇಲೆ ಮಲಗಿದಾಗ ಯಾರು ಅಂತ ಕೇಂಡ್ರೆ ನಾನು ಉಪ್ಪೂರ್ರು ಅಂತೆ. ಅದು ಅಬ್ಬಿ ಹೇಳಿದ್ದು, ನನ್ನ ಕಿವಿಯ ತೀರ್ಪಲ್ಲ. ಮದ್ದಳೆ, ಚೆಂಡೆ ಯಾರದ್ದು ಅಂತ ಜಗ್ಲಿಯಲ್ಲಿ ಒಬ್ರೂ ಕೇಣ್ಲಿಲ್ಲ. ಅದಿಲ್ದೆ ಭಾಗವತ್ರು ಒಬ್ರೇ ಗೆಲ್ಲುದ್ ಹ್ಯಾಂಗೆ?

ಇನ್ನೊಂದ್. ಆ ಜಗ್ಲಿ ಜೋಡಾಟದಲ್ಲಿ ಒಬ್ಬ ಹೆಂಗಸಿನ ಹೆಸ್ರು ಬರ್ಲಿಲ್ಲ. ತೆಂಕಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ಗಂಡಸ್ರ ಮೇಳದಲ್ಲೇ ಕೂತು ರಾತ್ರಿ ನಿದ್ದೆಗೆಟ್ಟು ಹಾಡಿದವ್ರು. ಅವ್ರು ಹೋದದ್ದೂ 2024ರಲ್ಲೇ, ಡಿಸೆಂಬರಿನಲ್ಲಿ. ತೆಂಕು ಬಡಗು ಬೇರೆ ಬೇರೆ, ಒಪ್ಪಿದೆ. ಕಾಲ ಬೇರೆ ಆದವ್ರನ್ನ ಒಟ್ಟಿಗೆ ಕೂರ್ಸುವವ್ರಿಗೆ ತಿಟ್ಟು ಬೇರೆ ಆದವ್ರನ್ನ ಕೂರ್ಸುಕೆ ಎಂತ ಕಷ್ಟ?

ಜೋಡಾಟ ಕಟ್ಟಬೇಡಿ ಅಂತ ನಾನು ಹೇಳುದಲ್ಲ. ಪಾತ್ರೆ ತೊಳಿವಾಗ ನಾನೂ ಮನಸ್ಸಲ್ಲೇ ಕಟ್ತೆ, ಗಮ್ಮತ್ತಾತ್ತ್. ಆದ್ರೆ ಹೋದವ್ರೊಟ್ಟಿಗೆ ಹೋದವ್ರನ್ನ ಕೂರ್ಸಿ. ಎರಡು ವರ್ಷ ಕಲ್ತ ಮಗುವನ್ನ ಆ ರಂಗಸ್ಥಳಕ್ಕೆ ಎಳಿಬೇಡಿ. ನಾವಡ್ರಾದ್ರೂ ಎರಡನೇ ವರ್ಷಕ್ಕೇ ನಾವಡ್ರು ಆಗಿರ್ಲಿಲ್ಲ ಅಲ್ದಾ?

ಅವಳ ಅಮ್ಮನಿಗೆ ಫೋನ್ ಮಾಡಿದೆ. "ಅವ್ಳಿಗೇ ಮನಸ್ಸಿಲ್ಲ ಅತ್ಗಿ" ಅಂದ್ಲು. ಈ ಭಾನುವಾರ ನಾನೇ ಹೋಗಿ ಅವಳನ್ನ ಕ್ಲಾಸಿಗೆ ಕರ್ಕಂಡ್ ಹೋತೆ, ಹೊರಗೆ ಬೆಂಚಿನ ಮೇಲೆ ಕೂಕಂತೆ ಅಂದಿದ್ದೆ. ಒಂಬತ್ತೂವರೆ ಬಸ್ಸಿಗೆ.