ಕಿಕ್ಕರ್ ಕಿತ್ತವರಿಗೆ
ಹಬ್ಬಕ್ಕೆ ತುರುವೇಕೆರೆಗೆ ಹೋದರೆ, ಕೊಬ್ಬರಿ ಅಟ್ಟದ ಕೆಳಗೆ ಎರಡು ತಿಂಗಳು ನಿಂತಿದ್ದ ನನ್ನ ಬೈಕು ಉಸಿರೇ ಎತ್ತಲಿಲ್ಲ. ಪೆಟ್ರೋಲಿತ್ತು, ಕಿಲ್ ಸ್ವಿಚ್ಚೂ ಸರಿ. ಬ್ಯಾಟರಿ ಪೂರ್ತಿ ಸತ್ತಿತ್ತು. ತಳ್ಳಿ ಕ್ಲಚ್ ಬಿಟ್ಟೆ. ಫ್ಯೂಯೆಲ್ ಪಂಪಿಗೇ ಕರೆಂಟಿಲ್ಲ, ಏನು ಹೊರಟೀತು?

ಪಕ್ಕದಲ್ಲಿ ಅಪ್ಪನ ಯೆಜ್ಡಿ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಗಾಡಿ ಮಾತ್ರ, ಪ್ಲಗ್ ಬಿಚ್ಚಿ ಮಸಿ ಉಜ್ಜಿ, ಗೇರ್ ಲಿವರನ್ನೇ ಒಳಕ್ಕೊತ್ತಿ ಮೇಲೆತ್ತಿ ಒದ್ದರೆ ಇವತ್ತೂ ಹೊರಡುತ್ತೆ. ಹೊಗೆ ಜಾಸ್ತಿ, ಒಪ್ಪಿದೆ. ಆದರೆ 2020ರ ಬಿಎಸ್6 ಹೊಗೆ ಕಡಿಮೆ ಮಾಡಿ ಅಂದಿದ್ದು, ಕಿಕ್ಕರ್ ಕೀಳಿ ಅಂದಿರಲಿಲ್ಲ. ಇಂಜೆಕ್ಷನ್ ಇರೋ ಅಗ್ಗದ 100 ಸಿಸಿ ಬೈಕುಗಳಿಗೆ ಕಿಕ್ಕರ್ ಇದೆಯಲ್ಲ ಸ್ವಾಮಿ! ದುಡ್ಡು ಜಾಸ್ತಿ ಕೊಟ್ಟವನಿಗೆ ಒದೆಯೋ ಹಕ್ಕೂ ಇಲ್ಲ. ಲುಕ್ಕಂತೆ!

ಬ್ಯಾಟರೀನ ಗೋಣಿಚೀಲಕ್ಕೆ ಹಾಕ್ಕೊಂಡು ತಿಪಟೂರಿನ ಬಸ್ ಹತ್ತಿದೆ. ಕಂಡಕ್ಟರ್ ಲಗೇಜ್ ಚಾರ್ಜ್ ಕೇಳಿದ.