ರಾತ್ರಿ ಮೋಟಾರು, ರಷ್ಯಾದ ಪಿಯಾನೊ

ಈ ಸಲ ಬೆಳೆ ವಿಚಾರ ಅಲ್ಲ. ಅಡಿಕೆ ಎಲೆಚುಕ್ಕಿ ರೋಗದ ಬಗ್ಗೆ ಕೇಳಿದವರು ಮುಂದಿನ ವಾರದವರೆಗೆ ತಡ್ಕೊಳ್ಳಿ.

ನಮ್ಮ ಕಡೆ ತ್ರೀಫೇಸ್ ಕರೆಂಟು ರಾತ್ರಿ ಕೊಡೋದು ನಿಮಗೆಲ್ಲ ಗೊತ್ತಿರೋದೇ. ನೀರು ತಿರುಗಿಸೋದರ ನಡುವೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಕೂತು ಎರಡು ತಿಂಗಳಿಂದ ನಾನು ಕೇಳ್ತಿರೋದು ಪಿಯಾನೊ ಕನ್ಚೆರ್ಟೊಗಳನ್ನ. ಒಂದು ಪಿಯಾನೊ, ಜೊತೆಗೆ ಅರವತ್ತು ಎಪ್ಪತ್ತು ಜನರ ವಾದ್ಯಮೇಳ. ಶೂಮನ್, ಗ್ರೀಗ್, ಚೈಕೋವ್‌ಸ್ಕಿ, ಬ್ರಾಮ್ಸ್, ಆಮೇಲೆ ಆ ಕಾಲದ ಬಾಲ ಹಿಡ್ಕೊಂಡು ಬಂದ ರಾಖ್ಮನಿನೊವ್. ಇದನ್ನ ಹೇಳಿದ್ರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಅದೆಲ್ಲ ನಮಗ್ಯಾಕೆ, ಸಿಟಿಯೋರ ಸಂಗೀತ." ನಾನು ಒಪ್ಪಲ್ಲ. ಶಾಸ್ತ್ರ ಗೊತ್ತಿಲ್ಲದವರು ಆ ಸಂಗೀತದೊಳಕ್ಕೆ ಹೋಗೋಕೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ ಅನ್ನೋದು ನನ್ನ ವಾದ. ಯಾಕಂದ್ರೆ ಇಲ್ಲಿ ಒಬ್ಬ ಮನುಷ್ಯ ಇದಾನೆ. ಅವನ ಬೆನ್ನು ಹಿಡಿದು ಹೋದ್ರೆ ಸಾಕು.

ರಾಖ್ಮನಿನೊವ್‌ನ ಎರಡನೇ ಕನ್ಚೆರ್ಟೊ ತಗೊಳ್ಳಿ. 1897ರಲ್ಲಿ ಅವನ ಮೊದಲ ಸಿಂಫನಿ ನೆಲಕಚ್ಚಿತು. ಆಮೇಲೆ ಮೂರು ವರ್ಷದ ಹತ್ತಿರ ಬರೆಯೋಕೇ ಆಗದೆ ಮಂಕಾಗಿ ಕೂತ. ನಿಕೊಲಾಯ್ ದಾಲ್ ಅನ್ನೋ ಡಾಕ್ಟರು ಸಂಮೋಹನ ಚಿಕಿತ್ಸೆ ಕೊಟ್ಟು, ಕೂರಿಸಿ ಮಾತಾಡಿಸಿದರು. 1901ರಲ್ಲಿ ಪೂರ್ತಿಯಾದ ಈ ಕೃತಿಯನ್ನ ಅವನು ಅರ್ಪಿಸಿದ್ದು ಆ ಡಾಕ್ಟರಿಗೇ. ನಮ್ಮಲ್ಲಿ ಬೆಳೆ ಹೋದವನು ಮೂರು ತಿಂಗಳು ಮಾತಿಲ್ಲದೆ ಜಗಲಿ ಮೇಲೆ ಕೂತ್ರೆ ದೇವರು ಕೇಳಿಸ್ತೀವಿ, ನಿಂಬೆಹಣ್ಣು ಇಳಿಸ್ತೀವಿ. ಡಾಕ್ಟರ ಹತ್ರ ಅಂದ್ರೆ "ಅವನಿಗೇನು ಹುಚ್ಚೇ?" ಅಂತೀವಿ.

ಶುರುವಲ್ಲಿ ಪಿಯಾನೊ ಒಂದೇ, ದೂರದ ಗಂಟೆ ಹೊಡೆದ ಹಾಗೆ. ಒಂದೊಂದು ಏಟಿಗೂ ದನಿ ಏರುತ್ತೆ. ಆಮೇಲೆ ನೋಡಿ, ಮುಖ್ಯ ರಾಗವನ್ನ ವಾದ್ಯಮೇಳ ಎತ್ಕೊಳ್ಳುತ್ತೆ, ಪಿಯಾನೊ ಅದರ ಕೆಳಗೆ ನೀರಿನ ಥರ ಹರೀತಾ ಇರುತ್ತೆ. ಎರಡನೇ ಭಾಗದಲ್ಲೂ ಹಾಗೇ: ಹಾಡೋದು ಕೊಳಲು, ಆಮೇಲೆ ಕ್ಲಾರಿನೆಟ್. ಹೀರೊ ಅಂತ ಕೂತವನು ಪಕ್ಕವಾದ್ಯ ನುಡಿಸ್ತಿರ್ತಾನೆ. ಇದನ್ನ ಬರೀ ಸಿಹಿ ಅಂತ ಮೂಗು ಮುರಿಯೋ ಪಂಡಿತರಿದಾರೆ. ಇರಲಿ. ಸಿಹಿ ತಿಂದು ಯಾರೂ ಕೆಟ್ಟಿಲ್ಲ.

ನನಗೆ ಸಿಟ್ಟು ಬರೋದು ಮೂವತ್ತು ಸೆಕೆಂಡಿನ ತುಣುಕುಗಳ ಮೇಲೆ. "ನಿದ್ದೆಗೆ ಸಂಗೀತ" ಅಂತ ಚೈಕೋವ್‌ಸ್ಕಿನ ಕತ್ತರಿಸಿ ಹಾಕ್ತಾರೆ! ಮೂವತ್ತೈದು ನಿಮಿಷದ ಕೃತಿ ಅದು. ಕಾಯಿಸಿ ಕಾಯಿಸಿ ಕೊಡೋ ರಾಗ, ಕಾಯದೆ ಕೇಳಿದ್ರೆ ಮೊಬೈಲ್ ರಿಂಗ್‌ಟೋನ್ ಅಷ್ಟೆ. ಕಚೇರಿ ಕೇಳಿದವರಿಗೆ ಇದು ಹೊಸದಲ್ಲ. ತನಿ ಆವರ್ತನದಲ್ಲಿ ಮೃದಂಗ ಬಿಟ್ಟು ಮಿಕ್ಕವರು ಸುಮ್ಮನಾಗ್ತಾರಲ್ಲ, ಹಂಗೇ ಗ್ರೀಗ್‌ನ ಮೊದಲ ಭಾಗದ ಕೊನೇಲಿ ಎಲ್ಲರೂ ಕೈಕಟ್ಟಿ ಕೂತು ಪಿಯಾನೊ ಒಂದನ್ನೇ ಬಿಡ್ತಾರೆ. ಅದಕ್ಕೆ ಕೆಡೆಂಜಾ ಅಂತಾರೆ. ವ್ಯತ್ಯಾಸ ಏನಂದ್ರೆ, ಇಲ್ಲಿ ಅದನ್ನೂ ಗ್ರೀಗೇ ಬರೆದಿಟ್ಟಿದಾನೆ. ಇಪ್ಪತ್ತೈದರ ಹುಡುಗ, 1868ರಲ್ಲಿ.

ಇನ್ನು "ನಮಗ್ಯಾಕೆ" ಅನ್ನೋರಿಗೆ. ಮೆಡ್ಟ್ನರ್ ಅಂತ ರಷ್ಯಾದವನು, ರಾಖ್ಮನಿನೊವ್‌ನ ಗೆಳೆಯ, ಕೊನೆಗಾಲದಲ್ಲಿ ಲಂಡನ್‌ನಲ್ಲಿದ್ದ. ಅವನ ಸಂಗೀತ ರೆಕಾರ್ಡ್ ಮಾಡಿಸೋಕೆ 1940ರ ದಶಕದಲ್ಲಿ ದುಡ್ಡು ಕೊಟ್ಟಿದ್ದು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್. ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸಿದ ಅದೇ ಮಹಾರಾಜರು. ಮೆಡ್ಟ್ನರ್ ತನ್ನ ಮೂರನೇ ಪಿಯಾನೊ ಕನ್ಚೆರ್ಟೊವನ್ನ ಅವರಿಗೆ ಅರ್ಪಿಸಿದಾನೆ.

ರಾಜರಿಗೆ ದುಡ್ಡಿತ್ತು ಅಂತೀರಿ. ಹೌದಪ್ಪ, ಇತ್ತು. ಆಗ ಮಾಡಿಸಿದ ರೆಕಾರ್ಡು ಈಗ ಯೂಟ್ಯೂಬ್‌ನಲ್ಲಿ ಬಿಟ್ಟಿ ಸಿಗುತ್ತೆ, ಮೆಡ್ಟ್ನರ್ರೇ ನುಡಿಸಿರೋದು. ಸ್ವಲ್ಪ ಗೊರಗೊರ ಅನ್ನುತ್ತೆ, ಆದ್ರೆ ಪಂಪ್‌ಸೆಟ್ ಪಕ್ಕ ಕೂತವರಿಗೆ ಅದೇನು ಲೆಕ್ಕ. ಮೊದಲು ಗ್ರೀಗ್ ಕೇಳಿ, ಆಮೇಲೆ ರಾಖ್ಮನಿನೊವ್. ಬ್ರಾಮ್ಸ್‌ಗೆ ಅವಸರ ಮಾಡಬೇಡಿ, ಅವನು ತೆಂಗಿನ ಸಸಿ ಇದ್ದ ಹಾಗೆ, ನನಗಿನ್ನೂ ಫಲ ಬಿಟ್ಟಿಲ್ಲ.